ಸರ್ ಕೆ. ಶೇಷಾದ್ರಿ ಅಯ್ಯರ್ (1845–1901): ಸರ್ಕಾರಿ ಒಡೆತನದ ವಿದ್ಯುಚ್ಛಕ್ತಿಗೆ ಬುನಾದಿ ಹಾಕಿದ ದಿವಾನರು

ಮೈಸೂರು ಸಂಸ್ಥಾನದ ದಿವಾನರಾಗಿ 18 ವರ್ಷಗಳ ಕಾಲ ಸೇವೆ ಸಲ್ಲಿಸಿದ ಸರ್ ಕೆ. ಶೇಷಾದ್ರಿ ಅಯ್ಯರ್ ಅವರ ಹೆಸರು ಶಿವನಸಮುದ್ರದ ಜಲವಿದ್ಯುತ್ ಯೋಜನೆಯೊಂದಿಗೆ ಚಿರಕಾಲ ಬೆಸೆದುಕೊಂಡಿದೆ. ನಾಡಿನ ನದಿಯಿಂದ ಉತ್ಪಾದನೆಯಾಗುವ ವಿದ್ಯುಚ್ಛಕ್ತಿಯು ಯಾರ ಸ್ವತ್ತಾಗಿರಬೇಕು ಎಂಬ ಪ್ರಶ್ನೆಗೆ ಈ ನಾಡಿನಲ್ಲಿ ಮೊದಲ ಉತ್ತರ ದೊರೆತದ್ದು ಅವರ ಆಡಳಿತಾವಧಿಯಲ್ಲಿ.

ಜನನ, ವಿದ್ಯಾಭ್ಯಾಸ ಮತ್ತು ಸೇವೆ

ಶೇಷಾದ್ರಿ ಅಯ್ಯರ್ ಅವರು 1845ರ ಜೂನ್ 1ರಂದು ಮಲಬಾರ್ ಪ್ರಾಂತದ ಪಾಲಕ್ಕಾಡಿಗೆ ಸಮೀಪದ ಕುಮಾರಪುರಂನಲ್ಲಿ ಜನಿಸಿದರು. ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಅಭ್ಯಾಸ ಮಾಡಿ 1868ರಲ್ಲಿ ಬಿ.ಎ. ಪದವಿ ಪಡೆದರು. ಅದೇ ವರ್ಷ ಮೈಸೂರಿಗೆ ಬಂದು ನ್ಯಾಯಾಡಳಿತ ವಿಭಾಗದಲ್ಲಿ ಸೇವೆ ಆರಂಭಿಸಿದರು. ಮುಂದೆ ಕಾನೂನು ಪದವಿಯನ್ನೂ ಗಳಿಸಿ, ಹಂತಹಂತವಾಗಿ ಉನ್ನತ ಹುದ್ದೆಗಳಿಗೆ ಏರಿದರು. 1883ರಲ್ಲಿ ದಿವಾನ್ ರಂಗಾಚಾರ್ಲು ಅವರು ನಿಧನರಾದಾಗ, ಮಹಾರಾಜ ಚಾಮರಾಜ ಒಡೆಯರ್ ಅವರು ಆ ಹೊಣೆಯನ್ನು ಶೇಷಾದ್ರಿ ಅಯ್ಯರ್ ಅವರಿಗೆ ವಹಿಸಿದರು.

1876–78ರ ಭೀಕರ ಕ್ಷಾಮದಿಂದ ಸಂಸ್ಥಾನದ ಬೊಕ್ಕಸ ಬರಿದಾಗಿತ್ತು. ಹಣಕಾಸಿನ ಸ್ಥಿತಿಯನ್ನು ಸುಧಾರಿಸಿ, ರೈಲುಮಾರ್ಗ, ನೀರಾವರಿ ಮತ್ತು ಕುಡಿಯುವ ನೀರಿನ ಕಾಮಗಾರಿಗಳನ್ನು ಅವರು ಕೈಗೆತ್ತಿಕೊಂಡರು. 1894ರಲ್ಲಿ ಹೆಸರಘಟ್ಟದಿಂದ ಬೆಂಗಳೂರಿಗೆ ನೀರು ಪೂರೈಸುವ ವ್ಯವಸ್ಥೆ ಕಾರ್ಯಗತವಾಯಿತು. ಅದೇ ವರ್ಷಾಂತ್ಯದಲ್ಲಿ ಮಹಾರಾಜರು ಅಕಾಲಿಕ ಮರಣಕ್ಕೀಡಾದರು. ಬಳಿಕ ಮಹಾರಾಣಿ ಕೆಂಪನಂಜಮ್ಮಣ್ಣಿಯವರು ರಾಜಪ್ರತಿನಿಧಿಯಾಗಿ ಆಡಳಿತ ವಹಿಸಿಕೊಂಡರು. ದಿವಾನರು ಅವರ ಅಡಿಯಲ್ಲಿ ಸೇವೆಯಲ್ಲಿ ಮುಂದುವರಿದರು.

ಶಿವನಸಮುದ್ರ ಯೋಜನೆ

ಕೋಲಾರದ ಚಿನ್ನದ ಗಣಿಗಳು ಆಗ ಜಾನ್ ಟೇಲರ್ ಅಂಡ್ ಸನ್ಸ್ ಎಂಬ ಬ್ರಿಟಿಷ್ ಸಂಸ್ಥೆಯ ನಿರ್ವಹಣೆಯಲ್ಲಿದ್ದವು. ಗಣಿಯ ಯಂತ್ರಗಳು ಉಗಿಯಿಂದ ನಡೆಯುತ್ತಿದ್ದು, ಅದಕ್ಕೆ ಬೇಕಾದ ಇಂಧನದ ವೆಚ್ಚ ದುಬಾರಿಯಾಗಿತ್ತು. ಶಿವನಸಮುದ್ರದಲ್ಲಿ ಧುಮ್ಮಿಕ್ಕುವ ಕಾವೇರಿಯಿಂದ ವಿದ್ಯುತ್ ಉತ್ಪಾದಿಸಿ ಗಣಿಗಳಿಗೆ ಒದಗಿಸುವ ಯೋಜನೆ ಈ ಹಿನ್ನೆಲೆಯಲ್ಲಿ ರೂಪುಗೊಂಡಿತು. ಸಂಸ್ಥಾನದ ಉಪ ಮುಖ್ಯ ಎಂಜಿನಿಯರ್ ಕ್ಯಾಪ್ಟನ್ ಜೋಲಿ ದ ಲೋಟ್‌ಬಿನಿಯೆರ್ ಅವರು ಯೂರೋಪ್ ಮತ್ತು ಅಮೆರಿಕಗಳಿಗೆ ತೆರಳಿ, ಅಲ್ಲಿನ ವಿದ್ಯುದಾಗಾರಗಳನ್ನು ಪರಿಶೀಲಿಸಿ ಯೋಜನೆಯನ್ನು ಸಿದ್ಧಪಡಿಸಿದರು.

ಸರ್ಕಾರದ ಮುಂದೆ ಎರಡು ದಾರಿಗಳಿದ್ದವು. ಖಾಸಗಿ ಕಂಪನಿಗೆ ಪರವಾನಗಿ ನೀಡಿ, ಬಂಡವಾಳ ಮತ್ತು ಅಪಾಯಗಳೆರಡನ್ನೂ ಅದಕ್ಕೇ ಬಿಡುವುದು ಒಂದು. ಕಲ್ಕತ್ತೆಯಲ್ಲಿ 1899ರಲ್ಲಿ ವಿದ್ಯುತ್ ಪೂರೈಕೆ ಆರಂಭವಾದದ್ದು ಲಂಡನ್ನಿನಲ್ಲಿ ನೋಂದಣಿಯಾದ ಖಾಸಗಿ ಕಂಪನಿಯಿಂದ. ಮುಂದೆ 1915ರಲ್ಲಿ ಮುಂಬಯಿಗೆ ಜಲವಿದ್ಯುತ್ ಒದಗಿಸಿದ್ದು ಟಾಟಾ ಕಂಪನಿ. ಸರ್ಕಾರವೇ ಹಣ ಹೂಡಿ ವಿದ್ಯುದಾಗಾರವನ್ನು ಕಟ್ಟುವುದು ಎರಡನೆಯ ದಾರಿ. 1897ರಲ್ಲಿ ಡಾರ್ಜಿಲಿಂಗ್ ಪುರಸಭೆಯು ಚಿಕ್ಕ ಪ್ರಮಾಣದಲ್ಲಿ ಇದನ್ನು ಸಾಧಿಸಿತ್ತಾದರೂ, ಅಷ್ಟು ದೂರಕ್ಕೆ ವಿದ್ಯುತ್ ಸಾಗಿಸಿದ ಅನುಭವ ದೇಶದಲ್ಲಿ ಯಾರಿಗೂ ಇರಲಿಲ್ಲ. ಯೋಜನೆ ವಿಫಲವಾದಲ್ಲಿ ನಷ್ಟವಾಗುವುದು ರೈತರ ಕಂದಾಯದಿಂದ ಕೂಡಿಬಂದ ಸಾರ್ವಜನಿಕ ಹಣ. ಸಫಲವಾದಲ್ಲಿ ಲಾಭವೂ ಸಂಸ್ಥಾನಕ್ಕೇ ಸೇರುವುದು. ಶೇಷಾದ್ರಿ ಅಯ್ಯರ್ ಅವರು ಎರಡನೆಯ ದಾರಿಯನ್ನೇ ಆರಿಸಿಕೊಂಡರು.

ಆದರೆ ಅಪಾಯವನ್ನು ತಗ್ಗಿಸುವ ಎಚ್ಚರಿಕೆಯನ್ನೂ ವಹಿಸಲಾಯಿತು. ಗಣಿ ಕಂಪನಿಗಳು ಕೊಳ್ಳುವ ವಿದ್ಯುತ್ತಿನ ಬಗ್ಗೆ ಮುಂಚಿತವಾಗಿಯೇ ಕರಾರು ಮಾಡಿಕೊಂಡು ವರಮಾನವನ್ನು ಭದ್ರಪಡಿಸಿಕೊಳ್ಳಲಾಯಿತು. ವಿದ್ಯುತ್ ಯಂತ್ರಗಳನ್ನು ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯೂ, ನೀರಿನ ಚಕ್ರಗಳನ್ನು ಸ್ವಿಟ್ಜರ್ಲೆಂಡಿನ ಎಷರ್ ವಿಸ್ ಕಂಪನಿಯೂ ಪೂರೈಸಿದವು. ಹೀಗೆ ಯಂತ್ರ ಮಾರಿದವರೂ ವಿದ್ಯುತ್ ಕೊಂಡವರೂ ಖಾಸಗಿಯವರೇ ಆಗಿದ್ದರು. ವಿದ್ಯುದಾಗಾರ ಮತ್ತು ಪ್ರಸರಣ ಮಾರ್ಗ ಮಾತ್ರ ಸರ್ಕಾರದ ಸ್ವತ್ತಾಗಿ ಉಳಿದವು.

ನಿಧನ ಮತ್ತು ಯೋಜನೆಯ ಫಲ

ಕಾಮಗಾರಿ ನಡೆಯುತ್ತಿದ್ದಾಗಲೇ, 1901ರಲ್ಲಿ, ಅನಾರೋಗ್ಯದ ನಿಮಿತ್ತ ಅವರು ಅಧಿಕಾರದಿಂದ ನಿವೃತ್ತರಾದರು. ಅದೇ ವರ್ಷ ಸೆಪ್ಟೆಂಬರ್ 13ರಂದು ನಿಧನ ಹೊಂದಿದರು. 1902ರ ಜೂನ್ 30ರಂದು ಶಿವನಸಮುದ್ರದ ವಿದ್ಯುತ್ತು ಸುಮಾರು 147 ಕಿ.ಮೀ. ದೂರದ ಕೋಲಾರ ಚಿನ್ನದ ಗಣಿಗಳನ್ನು ತಲುಪಿತು. ಆ ಕಾಲಕ್ಕೆ ಅದು ಪ್ರಪಂಚದ ಅತಿ ಉದ್ದದ ಪ್ರಸರಣ ಮಾರ್ಗಗಳಲ್ಲಿ ಒಂದಾಗಿತ್ತು. ಆ ದಿನವನ್ನು ಕಾಣುವ ಭಾಗ್ಯ ದಿವಾನರಿಗೆ ಇರಲಿಲ್ಲ.

ಮೊದಲ ವಿದ್ಯುತ್ತು ದೊರೆತದ್ದು ಗಣಿಗಳಿಗೇ ಹೊರತು ಜನಸಾಮಾನ್ಯರ ಮನೆಗಳಿಗಲ್ಲ ಎಂಬುದನ್ನು ಇಲ್ಲಿ ಗಮನಿಸಬೇಕು. ಬೆಂಗಳೂರಿನ ಬೀದಿಗಳಲ್ಲಿ ವಿದ್ಯುದ್ದೀಪ ಬೆಳಗಿದ್ದು 1905ರ ಆಗಸ್ಟ್‌ನಲ್ಲಿ. ಮೈಸೂರು ನಗರಕ್ಕೆ ಈ ಸೌಲಭ್ಯ ದೊರೆತದ್ದು 1908ರಲ್ಲಿ. ಗ್ರಾಮಗಳು ದಶಕಗಳ ಕಾಲ ಕಾಯಬೇಕಾಯಿತು. ಸರ್ಕಾರಿ ಒಡೆತನವೊಂದರಿಂದಲೇ ಬೆಳಕು ಎಲ್ಲರ ಮನೆ ಸೇರುವುದಿಲ್ಲ. ಆದರೆ ಅದನ್ನು ಎಲ್ಲಿಗೆ, ಯಾವಾಗ ಒಯ್ಯಬೇಕೆಂದು ತೀರ್ಮಾನಿಸುವ ಅಧಿಕಾರ ನಾಡಿನಲ್ಲಿಯೇ ಉಳಿಯಿತು. ಬೇಸಿಗೆಯಲ್ಲೂ ವಿದ್ಯುದಾಗಾರಕ್ಕೆ ನೀರು ದೊರೆಯಬೇಕೆಂಬುದು 1911ರಲ್ಲಿ ಆರಂಭವಾದ ಕನ್ನಂಬಾಡಿ ಅಣೆಕಟ್ಟಿನ ಉದ್ದೇಶಗಳಲ್ಲಿ ಒಂದಾಗಿತ್ತು.

ಇಂದಿನ ವ್ಯವಸ್ಥೆ

1957ರಲ್ಲಿ ರಾಜ್ಯ ವಿದ್ಯುಚ್ಛಕ್ತಿ ಮಂಡಳಿ ಸ್ಥಾಪನೆಯಾಯಿತು. 1999ರಲ್ಲಿ ಅದರ ಸ್ಥಾನದಲ್ಲಿ ಕರ್ನಾಟಕ ವಿದ್ಯುತ್ ಪ್ರಸರಣ ನಿಗಮ ರಚನೆಯಾಗಿ, 2002ರಲ್ಲಿ ವಿತರಣೆಯ ಹೊಣೆಯನ್ನು ಪ್ರಾದೇಶಿಕ ಕಂಪನಿಗಳಿಗೆ ವಹಿಸಲಾಯಿತು. ವಿದ್ಯುತ್ ಉತ್ಪಾದನೆಯಲ್ಲಿ ಇಂದು ಖಾಸಗಿಯವರ ಪಾಲೂ ಗಣನೀಯವಾಗಿದೆ. ಆದರೆ ಹೊಸ ಸಂಪರ್ಕ ಕೋರಿ ನಾಗರಿಕರು ಅರ್ಜಿ ಸಲ್ಲಿಸುವ ಈ ವಿತರಣಾ ಕಂಪನಿಗಳು ರಾಜ್ಯ ಸರ್ಕಾರದ ಒಡೆತನದಲ್ಲಿವೆ. ದರಗಳನ್ನು ನಿಗದಿಪಡಿಸುವುದು ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ.

ಶಿವನಸಮುದ್ರದ ವಿದ್ಯುದಾಗಾರಕ್ಕೆ ಶೇಷಾದ್ರಿ ಅಯ್ಯರ್ ಅವರ ಹೆಸರನ್ನು ಇಡಲಾಗಿದೆ. ಬೆಂಗಳೂರಿನ ಶೇಷಾದ್ರಿಪುರಂ ಬಡಾವಣೆ ಮತ್ತು ಕಬ್ಬನ್ ಉದ್ಯಾನದಲ್ಲಿರುವ ಸ್ಮಾರಕ ಭವನ ಅವರ ನೆನಪನ್ನು ಉಳಿಸಿವೆ.