ಹೃದಯಕ್ಕೆ ಬಾಗಿಲು ಮಾಡಿಕೊಟ್ಟ ಎಂಜಿನಿಯರ್

ಹೃದಯ ಶಸ್ತ್ರಚಿಕಿತ್ಸೆಯ ಇತಿಹಾಸದಲ್ಲಿ ಲೋವೆಲ್ ಎಡ್ವರ್ಡ್ಸ್ ಅವರದು ದೊಡ್ಡ ಹೆಸರು. ಆದರೆ ಅವರು ವೈದ್ಯರಲ್ಲ. 1898ರಲ್ಲಿ ಜನಿಸಿದ ಈ ಅಮೆರಿಕನ್ನರು ಓದಿದ್ದು ಎಂಜಿನಿಯರಿಂಗ್. ಮರದ ದಿಮ್ಮಿಗಳ ತೊಗಟೆಯನ್ನು ನೀರಿನ ರಭಸದಿಂದಲೇ ಸುಲಿಯುವ ಯಂತ್ರ, ಯುದ್ಧವಿಮಾನಗಳ ಇಂಧನ ಪಂಪು, ಹೀಗೆ ಅವರ ಹೆಸರಿನಲ್ಲಿ 63 ಪೇಟೆಂಟುಗಳಿದ್ದವು.

ಹದಿಹರೆಯದಲ್ಲಿ ಅವರಿಗೆ ಎರಡು ಸಲ ರುಮ್ಯಾಟಿಕ್ ಜ್ವರ ಬಂದಿತ್ತು. ಈ ಜ್ವರದ ವಿಷಯ ನಮ್ಮ ವಿದ್ಯಾರ್ಥಿಗಳಿಗೂ ತಿಳಿದಿರಬೇಕು, ಏಕೆಂದರೆ ನಮ್ಮ ದೇಶದಲ್ಲಿ ಅದು ಇನ್ನೂ ಹೋಗಿಲ್ಲ. ಸಾಮಾನ್ಯ ಗಂಟಲುನೋವಿನಂತೆ ಶುರುವಾಗುತ್ತದೆ. ನಂತರ ಕೀಲುಗಳು ಊದಿಕೊಳ್ಳುತ್ತವೆ. ಕೆಲವು ವಾರಗಳಲ್ಲಿ ಕೀಲುನೋವು ವಾಸಿಯಾದರೂ ಹೃದಯದ ಕವಾಟಕ್ಕೆ ಆದ ಗಾಯ ಉಳಿದುಬಿಡಬಹುದು. ಗಂಟಲುನೋವಿಗೆ ಸಕಾಲದಲ್ಲಿ ಪೆನ್ಸಿಲಿನ್ ಕೊಡಿಸಿದರೆ ಇದನ್ನು ತಡೆಯಬಹುದು. ಎಡ್ವರ್ಡ್ಸ್ ಅವರ ಬಾಲ್ಯದಲ್ಲಿ ಆ ಔಷಧಿ ಇರಲಿಲ್ಲ.

1958ರಲ್ಲಿ, ಅರವತ್ತರ ವಯಸ್ಸಿನಲ್ಲಿ, ಅವರು ಪೋರ್ಟ್‌ಲೆಂಡ್ ನಗರದ ಯುವ ಶಸ್ತ್ರವೈದ್ಯ ಆಲ್ಬರ್ಟ್ ಸ್ಟಾರ್ ಅವರ ಬಳಿ ಹೋದರು. ಇಡೀ ಕೃತಕ ಹೃದಯವನ್ನೇ ತಯಾರಿಸಬೇಕೆಂಬುದು ಅವರ ಆಸೆ. ಮೊದಲು ಒಂದು ಕವಾಟವನ್ನಾದರೂ ಮಾಡೋಣ ಎಂಬುದು ಸ್ಟಾರ್ ಅವರ ಸಲಹೆ. ಎಡ್ವರ್ಡ್ಸ್ ಒಪ್ಪಿದರು. ಇಷ್ಟು ಹೆಸರು ಮಾಡಿದ ಹಿರಿಯರು ತಮಗಿಂತ ಸುಮಾರು 28 ವರ್ಷ ಕಿರಿಯರ ಮಾತಿಗೆ ತಮ್ಮ ಯೋಜನೆಯನ್ನು ಬದಿಗಿಟ್ಟದ್ದು ಸಣ್ಣ ವಿಷಯವಲ್ಲ.

ಮೊದಲು ನಿಜವಾದ ಕವಾಟದಂತೆ ಮುಚ್ಚಿ ತೆರೆಯುವ ರೆಕ್ಕೆಗಳನ್ನು ಮಾಡಿ ನಾಯಿಗಳಲ್ಲಿ ಜೋಡಿಸಿದರು. ರಕ್ತ ಹೆಪ್ಪುಗಟ್ಟಿ ಅವು ಸತ್ತವು. ಆಗ ಹಳೆಯ ಬಾಟಲಿ ಬಿರಡೆಯೊಂದರ ಉಪಾಯ ನೆರವಿಗೆ ಬಂತು. ಚನ್ನಪಟ್ಟಣದ ಕುಶಲಕರ್ಮಿಗಳು ಕಡೆದ ಗುಂಡೊಂದನ್ನು ಪುಟ್ಟ ಪಂಜರದೊಳಗೆ ಹಾಕಿದಂತೆ ಊಹಿಸಿಕೊಳ್ಳಿ. ರಕ್ತ ನುಗ್ಗಿದಾಗ ಗುಂಡು ಮೇಲೇಳುತ್ತದೆ, ದಾರಿ ತೆರೆಯುತ್ತದೆ. ರಕ್ತ ಹಿಂದಕ್ಕೆ ಒತ್ತಿದಾಗ ಗುಂಡು ಬಳೆಯ ಮೇಲೆ ಕುಳಿತು ದಾರಿ ಮುಚ್ಚುತ್ತದೆ. ಗುಂಡು ಸಿಲಿಕೋನ್ ರಬ್ಬರಿನದು. ನೋಡಲು ಇದು ದೇಹದ ಕವಾಟದಂತೆ ಇರಲೇ ಇಲ್ಲ, ಆದರೂ ಕೆಲಸ ಮಾಡಿತು.

1960ರ ಆಗಸ್ಟ್‌ನಲ್ಲಿ ಇದನ್ನು ಜೋಡಿಸಿಕೊಂಡ ಮೊದಲ ರೋಗಿ, ಒಬ್ಬ ಯುವತಿ, ಕೆಲವೇ ಗಂಟೆಗಳಲ್ಲಿ ತೀರಿಕೊಂಡರು. ಹೃದಯದಲ್ಲಿ ಉಳಿದಿದ್ದ ಗಾಳಿ ಅದಕ್ಕೆ ಕಾರಣ, ಕವಾಟವಲ್ಲ. ಅದೇ ವರ್ಷ ಸೆಪ್ಟೆಂಬರ್ 21ರಂದು 52 ವರ್ಷದ ಒಬ್ಬರಿಗೆ ಮತ್ತೆ ಜೋಡಿಸಲಾಯಿತು. ಅವರು ಸುಮಾರು ಹತ್ತು ವರ್ಷ ಬದುಕಿದರು. ಕೊನೆಗೆ ಸತ್ತದ್ದು ಮನೆಗೆ ಬಣ್ಣ ಬಳಿಯುವಾಗ ಏಣಿಯಿಂದ ಬಿದ್ದು!

ಈ ಕೀರ್ತಿ ಇವರಿಬ್ಬರದು ಮಾತ್ರವಲ್ಲ. 1952ರಲ್ಲೇ ಚಾರ್ಲ್ಸ್ ಹಫ್ನಗೆಲ್ ಎಂಬ ವೈದ್ಯರು ಗುಂಡಿನ ಕವಾಟವನ್ನು ಮಹಾಅಪಧಮನಿಯಲ್ಲಿ ಜೋಡಿಸಿದ್ದರು. ಹೃದಯದೊಳಗಿನ ಮೈಟ್ರಲ್ ಕವಾಟದ ಜಾಗದಲ್ಲಿ ದೀರ್ಘಕಾಲ ಬಾಳಿದ್ದು ಸ್ಟಾರ್-ಎಡ್ವರ್ಡ್ಸ್ ಕವಾಟ. ಅದಕ್ಕೂ ತೊಂದರೆ ತಪ್ಪಲಿಲ್ಲ. ಕೆಲವರಲ್ಲಿ ರಬ್ಬರ್ ಗುಂಡು ರಕ್ತದ ಕೊಬ್ಬನ್ನು ಹೀರಿ ಊದಿಕೊಂಡಿತು. ರಬ್ಬರನ್ನು ಹದ ಮಾಡುವ ವಿಧಾನವನ್ನೇ ಬದಲಿಸಬೇಕಾಯಿತು. ಎಡ್ವರ್ಡ್ಸ್ 1982ರಲ್ಲಿ ನಿಧನರಾದರು.

ಭಾರತಕ್ಕೆ ಆಮದು ಕವಾಟಗಳು ಬಹಳ ದುಬಾರಿಯಾಗಿದ್ದವು. ತಿರುವನಂತಪುರದ ಶ್ರೀಚಿತ್ರಾ ಸಂಸ್ಥೆಯಲ್ಲಿ ಡಾ. ಎಂ.ಎಸ್. ವಲಿಯತ್ತಾನ್ ಅವರ ತಂಡ, ಮೊದಲ ಮಾದರಿಗಳು ವಿಫಲವಾದ ಮೇಲೂ ಬಿಡದೆ, ಬಿಲ್ಲೆಯಾಕಾರದ ಕವಾಟವನ್ನು ರೂಪಿಸಿತು. 1990ರ ಡಿಸೆಂಬರ್‌ನಲ್ಲಿ ಅದನ್ನು ಮೊದಲ ರೋಗಿಗೆ ಜೋಡಿಸಲಾಯಿತು. ನಂತರ ಅವರು ನಮ್ಮ ಮಣಿಪಾಲದಲ್ಲಿ ಕುಲಪತಿಗಳಾಗಿದ್ದು, 2024ರಲ್ಲಿ ಅಲ್ಲಿಯೇ ನಿಧನರಾದರು.

ಗುಂಡಿನ ಕವಾಟದ ತಯಾರಿಕೆ 2007ರಲ್ಲಿ ನಿಂತಿತು. ಈಗ ರಾಮನಗರ, ಕನಕಪುರ, ಮಾಗಡಿ ಕಡೆಯಿಂದ ಬೆಂಗಳೂರಿನ ಜಯದೇವ ಆಸ್ಪತ್ರೆಗೆ ಹೋಗುವ ಹೃದ್ರೋಗಿಗಳಿಗೆ ಬಿಲ್ಲೆಯ ಅಥವಾ ಪ್ರಾಣಿಗಳ ಅಂಗಾಂಶದ ಕವಾಟ ಜೋಡಿಸುತ್ತಾರೆ. ಬಿಲ್ಲೆಯ ಕವಾಟ ಹಾಕಿಸಿಕೊಂಡವರು ರಕ್ತ ಹೆಪ್ಪುಗಟ್ಟದಂತೆ ತಡೆಯುವ ಮಾತ್ರೆಯನ್ನು ಜೀವನವಿಡೀ ಒಂದು ದಿನವೂ ತಪ್ಪದೆ ನುಂಗಬೇಕು.