ಕಲ್ಲುಗಳಲ್ಲಿ ದೇವರನ್ನು ಕಂಡ ಗುರು: ಫಾದರ್ ತೇಯಾರ್ ದ ಶಾರ್ಡಾನ್

ಭಾನುವಾರ ಧರ್ಮೋಪದೇಶದ ತರಗತಿಯಲ್ಲಿ ಸೃಷ್ಟಿಯ ಪಾಠ ಕೇಳಿದ ಮಗು ಸೋಮವಾರ ಶಾಲೆಯಲ್ಲಿ ಜೀವವಿಕಾಸದ ಪಾಠ ಕೇಳುತ್ತದೆ. ಇವೆರಡರಲ್ಲಿ ಯಾವುದು ನಿಜ ಎಂದು ಅದು ಕೇಳಿದರೆ ನಾವು ಅನೇಕರು ಮಾತು ಮರೆಸುತ್ತೇವೆ. ಇದೇ ಪ್ರಶ್ನೆಯನ್ನು ಜೀವನವಿಡೀ ಹೊತ್ತು ನಡೆದು, ಅದಕ್ಕಾಗಿ ಬಹಳ ನೋವುಂಡ ಗುರುವೊಬ್ಬರಿದ್ದರು. ಅವರೇ ಯೇಸುಸಭೆಯ ಫಾದರ್ ಪಿಯರ್ ತೇಯಾರ್ ದ ಶಾರ್ಡಾನ್.

1881ರ ಮೇ 1ರಂದು ಫ್ರಾನ್ಸಿನ ಓವೇರ್ನ್ ಪ್ರಾಂತ್ಯದ ಸಾರ್ಸೆನಾ ಎಂಬಲ್ಲಿ ಅವರು ಜನಿಸಿದರು. ಮನೆಯಲ್ಲಿ ಹನ್ನೊಂದು ಮಕ್ಕಳು. ತಾಯಿ ಭಕ್ತೆ, ತಂದೆ ಪ್ರಕೃತಿಪ್ರಿಯರು. ಬಾಲಕ ಪಿಯರ್‌ಗೆ ಕಬ್ಬಿಣದ ಚೂರುಗಳನ್ನು ಕೂಡಿಡುವ ಹುಚ್ಚು. ಕಬ್ಬಿಣ ಎಂದೂ ಹಾಳಾಗದು ಎಂಬ ನಂಬಿಕೆ ಅವನದು. ಅದೂ ತುಕ್ಕು ಹಿಡಿಯುತ್ತದೆ ಎಂದು ತಿಳಿದ ದಿನ ಅವನು ಅತ್ತುಬಿಟ್ಟ. ಅಂದಿನಿಂದ ಕಲ್ಲುಗಳತ್ತ ತಿರುಗಿದ. ಅಳಿಯದೆ ಉಳಿಯುವುದು ಯಾವುದು ಎಂಬ ಹುಡುಕಾಟ ಮಾತ್ರ ಕೊನೆಯವರೆಗೂ ನಿಲ್ಲಲಿಲ್ಲ.

1899ರಲ್ಲಿ ಯೇಸುಸಭೆ ಸೇರಿದ ಅವರು ಈಜಿಪ್ಟಿನ ಕೈರೋ ನಗರದ ಶಾಲೆಯಲ್ಲಿ ಭೌತಶಾಸ್ತ್ರ ಮತ್ತು ರಸಾಯನಶಾಸ್ತ್ರ ಕಲಿಸಿದರು. 1911ರಲ್ಲಿ ಗುರುದೀಕ್ಷೆ ಪಡೆದು, ಪ್ಯಾರಿಸಿನಲ್ಲಿ ಪಳೆಯುಳಿಕೆಗಳ ಅಧ್ಯಯನ ಆರಂಭಿಸಿದರು. ಅಷ್ಟರಲ್ಲೇ ಮೊದಲ ಮಹಾಯುದ್ಧ ಬಂತು. ಗಾಯಾಳುಗಳನ್ನು ಹೊತ್ತು ತರುವ ಸ್ಟ್ರೆಚರ್ ಸೇವಕರಾಗಿ ಅವರು ಯುದ್ಧರಂಗದಲ್ಲಿ ದುಡಿದರು. ಇಬ್ಬರು ಸಹೋದರರನ್ನು ಅದೇ ಯುದ್ಧದಲ್ಲಿ ಕಳೆದುಕೊಂಡರು. ಧೈರ್ಯಕ್ಕಾಗಿ ಅವರಿಗೆ ಪದಕಗಳು ದೊರೆತವು. ಅಷ್ಟು ಸಾವುಗಳ ನಡುವೆ ಬೇರೆಯವರು ದೇವರನ್ನು ಕಳೆದುಕೊಂಡರೆ, ಇವರು ಕಂದಕದಲ್ಲಿ ಕುಳಿತು ಮಾನವಕುಲ ಎತ್ತ ಸಾಗುತ್ತಿದೆ ಎಂದು ಬರೆಯತೊಡಗಿದರು.

1923ರಲ್ಲಿ ಚೀನಾಕ್ಕೆ ಹೋದ ಅವರು ಯೇಸುಸಭೆಯವರೇ ಆದ ಫಾದರ್ ಲಿಸೆಂಟ್ ಜೊತೆ ಓರ್ಡೋಸ್ ಮರುಭೂಮಿಯಲ್ಲಿ ಸಂಶೋಧನೆ ನಡೆಸಿದರು. ಒಂದು ದಿನ ಬಲಿಪೂಜೆ ಅರ್ಪಿಸಲು ರೊಟ್ಟಿಯೂ ಇರಲಿಲ್ಲ, ದ್ರಾಕ್ಷಾರಸವೂ ಇರಲಿಲ್ಲ, ಪೀಠವೂ ಇರಲಿಲ್ಲ. ಆಗ ಅವರು ಇಡೀ ಭೂಮಿಯನ್ನೇ ಪೀಠವಾಗಿಸಿಕೊಂಡರು. ಮನುಷ್ಯರೆಲ್ಲರ ದುಡಿಮೆ ಮತ್ತು ನೋವನ್ನೇ ಕಾಣಿಕೆಯಾಗಿ ದೇವರಿಗೆ ಒಪ್ಪಿಸಿದರು. ಈ ಧ್ಯಾನ 'ಜಗತ್ತಿನ ಮೇಲಿನ ಬಲಿಪೂಜೆ' ಎಂಬ ಬರಹವಾಯಿತು.

ಜನ್ಮಪಾಪವನ್ನು ಕುರಿತು ಅವರು ಖಾಸಗಿಯಾಗಿ ಬರೆದ ಟಿಪ್ಪಣಿಯೊಂದು ರೋಮ್ ತಲುಪಿದ್ದು ಕಷ್ಟಗಳಿಗೆ ಮೊದಲಾಯಿತು. ಪ್ಯಾರಿಸಿನ ಕಥೋಲಿಕ ವಿದ್ಯಾಸಂಸ್ಥೆಯಲ್ಲಿ ಪಾಠ ಹೇಳುವುದನ್ನು ಬಿಟ್ಟು 1926ರಲ್ಲಿ ಅವರು ಮತ್ತೆ ಚೀನಾಕ್ಕೆ ಹೋಗಬೇಕಾಯಿತು. ವಿಜ್ಞಾನದ ಬಗ್ಗೆ ಬರೆಯಬಹುದು, ದೈವಶಾಸ್ತ್ರದ ವಿಚಾರ ಪ್ರಕಟಿಸಬಾರದು ಎಂಬುದು ಅಪ್ಪಣೆ. ಸಭೆಯನ್ನೇ ಬಿಡಿ ಎಂದು ಹೇಳುವ ಸ್ನೇಹಿತರಿದ್ದರು. ಅವರು ಬಿಡಲಿಲ್ಲ. ಬರೆಯುವುದನ್ನೂ ನಿಲ್ಲಿಸಲಿಲ್ಲ.

ಹಾಗೆ ದೂರ ಕಳುಹಿಸಿದ್ದೇ ಅವರ ವಿಜ್ಞಾನಕ್ಕೆ ವರವಾಯಿತು ಎನ್ನಬಹುದು. 1929ರಲ್ಲಿ ಪೀಕಿಂಗ್ ಬಳಿಯ ಜೌಕೌಡಿಯಾನ್ ಗುಹೆಯಲ್ಲಿ ಪೈ ವೆನ್‌ಜಾಂಗ್ ಅವರಿಗೆ ಆದಿಮಾನವನ ತಲೆಬುರುಡೆ ಸಿಕ್ಕಿತು. ಅದೇ 'ಪೀಕಿಂಗ್ ಮಾನವ'. ಆ ಗುಹೆಯ ಮಣ್ಣಿನ ಪದರಗಳ ಕಾಲ ಗುರುತಿಸುವ ಕೆಲಸದಲ್ಲಿ ಫಾದರ್ ತೇಯಾರ್ ಪ್ರಮುಖರಾಗಿದ್ದರು. 1935ರಲ್ಲಿ ಅವರು ನಮ್ಮ ದೇಶಕ್ಕೂ ಬಂದು ಕಾಶ್ಮೀರ ಮತ್ತು ನರ್ಮದಾ ಕಣಿವೆಯಲ್ಲಿ ಅಧ್ಯಯನ ಮಾಡಿದರು.

ಪೀಕಿಂಗ್‌ನಲ್ಲಿದ್ದಾಗ, 1938ರಿಂದ 1940ರ ನಡುವೆ, ತಮ್ಮ ಮುಖ್ಯ ಗ್ರಂಥ 'ದಿ ಫಿನಾಮಿನನ್ ಆಫ್ ಮ್ಯಾನ್' ಬರೆದರು. ಅದರ ಸಾರ ಸರಳವಾಗಿದೆ. ಜಡವಸ್ತುವಿನಿಂದ ಜೀವ, ಜೀವದಿಂದ ಆಲೋಚನೆ ಮೂಡಿತು. ಭೂಮಿಯನ್ನು ಗಾಳಿ ಆವರಿಸಿರುವಂತೆ ಈಗ ಮನುಷ್ಯರ ಚಿಂತನೆಯ ಪದರವೊಂದು ಆವರಿಸುತ್ತಿದೆ. ಇದನ್ನು ಅವರು 'ನೂಸ್ಫಿಯರ್' ಎಂದರು. ಸೃಷ್ಟಿಯೆಲ್ಲವೂ ಪ್ರೀತಿಯಲ್ಲಿ ಒಂದಾಗುತ್ತಾ ಸಾಗುವ ಕೊನೆಯ ಗುರಿಯನ್ನು 'ಒಮೆಗಾ ಬಿಂದು' ಎಂದು ಕರೆದರು. ಆ ಗುರಿ ಅವರಿಗೆ ಪ್ರಭು ಕ್ರಿಸ್ತರೇ ಆಗಿದ್ದರು.

1948ರಲ್ಲಿ ಅವರು ರೋಮಿಗೆ ಹೋಗಿ ಗ್ರಂಥ ಪ್ರಕಟಣೆಗೆ ಅನುಮತಿ ಬೇಡಿದರು. ಸಿಗಲಿಲ್ಲ. ಫ್ರಾನ್ಸಿನ ಪ್ರಸಿದ್ಧ ವಿದ್ಯಾಪೀಠದ ಪ್ರಾಧ್ಯಾಪಕ ಹುದ್ದೆಗೂ ಒಪ್ಪಿಗೆ ಸಿಗಲಿಲ್ಲ. ಕೊನೆಯ ವರ್ಷಗಳನ್ನು ಅವರು ನ್ಯೂಯಾರ್ಕಿನಲ್ಲಿ ಕಳೆದರು. ಪುನರುತ್ಥಾನದ ದಿನವೇ ಸಾಯಬೇಕೆಂಬ ಆಸೆಯನ್ನು ಆಪ್ತರಲ್ಲಿ ಹೇಳಿಕೊಂಡಿದ್ದರಂತೆ. 1955ರ ಏಪ್ರಿಲ್ 10, ಪಾಸ್ಕ ಭಾನುವಾರ. ಅಂದು ಬೆಳಿಗ್ಗೆ ಬಲಿಪೂಜೆಯಲ್ಲಿ ಪಾಲ್ಗೊಂಡ ಅವರು ಸಂಜೆ ಹೃದಯಾಘಾತದಿಂದ ದೈವಾಧೀನರಾದರು. ಆಗ ಅವರಿಗೆ 73 ವರ್ಷ. ಅಂತ್ಯಕ್ರಿಯೆಯಲ್ಲಿ ಸೇರಿದವರು ಕೆಲವೇ ಮಂದಿ.

ಅದೇ ವರ್ಷ ಅವರ ಗ್ರಂಥ ಫ್ರೆಂಚ್ ಭಾಷೆಯಲ್ಲಿ ಪ್ರಕಟವಾಗಿ ಬಹಳ ಬೇಗ ಜಗತ್ತಿನ ಗಮನ ಸೆಳೆಯಿತು. ವಿಮರ್ಶೆಗಳೂ ಬಂದವು. 1961ರಲ್ಲಿ ವಿಜ್ಞಾನಿ ಪೀಟರ್ ಮೆಡಾವರ್ ಇದು ವಿಜ್ಞಾನವೇ ಅಲ್ಲವೆಂಬಂತೆ ಕಟುವಾಗಿ ಟೀಕಿಸಿದರು. 1962ರಲ್ಲಿ ರೋಮ್ ಅವರ ಬರಹಗಳ ಬಗ್ಗೆ ಎಚ್ಚರಿಕೆ ನೀಡಿತು. ಅವರು ಬರೆದುದೆಲ್ಲವನ್ನೂ ಒಪ್ಪಬೇಕೆಂದು ನಾವೂ ಹೇಳುವುದಿಲ್ಲ. ಆದರೆ ಮುಂದೆ ಜಗದ್ಗುರು 16ನೇ ಬೆನೆಡಿಕ್ಟರು 2009ರಲ್ಲಿ ಅವರ ದರ್ಶನವನ್ನು ಮೆಚ್ಚಿ ಮಾತನಾಡಿದರು. ಜಗದ್ಗುರು ಫ್ರಾನ್ಸಿಸರು 2015ರ 'ಲಾವ್ದಾತೋ ಸಿ' ವಿಶ್ವಪತ್ರದಲ್ಲಿ ಅವರ ಹೆಸರನ್ನು ಉಲ್ಲೇಖಿಸಿದರು. 2023ರಲ್ಲಿ ಮಂಗೋಲಿಯಾದ ಬಲಿಪೂಜೆಯಲ್ಲಿ, ಮರುಭೂಮಿಯ ಆ ಪ್ರಾರ್ಥನೆಯನ್ನೇ ನೆನಪಿಸಿಕೊಂಡರು.

ಬಾಯಿ ಕಟ್ಟಿದಾಗ ಕೋಪಿಸಿಕೊಂಡು ಹೊರನಡೆಯುವುದು ಸುಲಭ. ಯೋಚಿಸುವುದನ್ನೇ ನಿಲ್ಲಿಸಿ ಸುಮ್ಮನಾಗುವುದೂ ಸುಲಭ. ಫಾದರ್ ತೇಯಾರ್ ಇವೆರಡನ್ನೂ ಮಾಡಲಿಲ್ಲ. ನಮ್ಮ ಧರ್ಮಕೇಂದ್ರಗಳ ಸಣ್ಣ ಭಿನ್ನಾಭಿಪ್ರಾಯಗಳಲ್ಲೂ ಇದು ನಮಗೆ ಪಾಠವಾಗಲಿ. ಮುಂದಿನ ಭಾನುವಾರ ಮಗುವೊಂದು ಆ ಪ್ರಶ್ನೆ ಕೇಳಿದರೆ ಗದರಿಸಿ ಕೂರಿಸದಿರೋಣ. ಸುತ್ತಿಗೆಯಿಂದ ಕಲ್ಲು ಒಡೆದ ಕೈಗಳಿಂದಲೇ ಪರಮಪ್ರಸಾದವನ್ನು ಎತ್ತಿಹಿಡಿದ ಈ ಗುರುವಿನ ಕಥೆಯನ್ನು ಅದಕ್ಕೆ ಹೇಳೋಣ.