ಉಡುತಡಿಯ ಅಕ್ಕ ಮತ್ತು ನನ್ನ ಲೆಕ್ಕದ ಪುಸ್ತಕ

ನಮ್ಮ ರಿಪ್ಪನ್‌ಪೇಟೆಯಿಂದ ಆನಂದಪುರದ ಮೇಲೆ ಹೋದರೆ ಶಿಕಾರಿಪುರ ಸಿಗುತ್ತದೆ. ಆ ತಾಲ್ಲೂಕಿನ ಉಡುತಡಿಯಲ್ಲಿ 12ನೇ ಶತಮಾನದಲ್ಲಿ ಅಕ್ಕಮಹಾದೇವಿ ಹುಟ್ಟಿದಳು. ಅವಳನ್ನು ಮುಂದೆ ಕಲ್ಯಾಣದಲ್ಲಿ ಪರೀಕ್ಷಿಸಿದ ಅಲ್ಲಮಪ್ರಭುವಿನ ಬಳ್ಳಿಗಾವಿಯೂ ಅದೇ ತಾಲ್ಲೂಕಿನಲ್ಲಿದೆ. ಪಠ್ಯಪುಸ್ತಕದಲ್ಲಿ ಬರುವವರೆಲ್ಲ ಎಲ್ಲೋ ದೂರದವರು ಎಂದುಕೊಂಡಿದ್ದ ನನಗೆ, ಇವರಿಬ್ಬರೂ ನಮ್ಮ ಜಿಲ್ಲೆಯವರು ಎಂದು ತಿಳಿದಾಗ ಖುಷಿಯಾಯಿತು. ನಾನು ವಾಣಿಜ್ಯ ವಿಭಾಗದವಳು, ಮನೆಯ ಮಾತು ಉರ್ದು. ಆದರೂ ಈ ಬಾರಿ ಅಕ್ಕನ ಬಗ್ಗೆಯೇ ಬರೆಯಬೇಕು ಅನ್ನಿಸಿತು. ಅದಕ್ಕೆ ಕಾರಣವಿದೆ.

ಈಗ ಎಲ್ಲಿ ನೋಡಿದರೂ ಹುಡುಗಿಯರಿಗೆ ಒಂದು ಸಲಹೆ: ಡೈರಿ ಬರೆಯಿರಿ, ಮನಸ್ಸು ಹಗುರವಾಗುತ್ತದೆ. ಅದರ ಜೊತೆಗೆ ಗ್ರೀಸ್ ಮತ್ತು ರೋಮಿನ ಸ್ಟೋಯಿಕ್ ತತ್ವಜ್ಞಾನಿಗಳ ಹೆಸರು ಬರುತ್ತದೆ. ಅವರ ಮುಖ್ಯ ಮಾತು ಸರಳವಾದದ್ದು. ಕೆಲವು ಸಂಗತಿ ನಮ್ಮ ಕೈಯಲ್ಲಿವೆ, ಕೆಲವು ಇಲ್ಲ. ಮಳೆ, ಕಾಯಿಲೆ, ಬೇರೆಯವರ ನಾಲಿಗೆ ನಮ್ಮ ಕೈಯಲ್ಲಿಲ್ಲ. ನಮ್ಮ ನಿರ್ಧಾರ, ನಮ್ಮ ಒಪ್ಪಿಗೆ ನಮ್ಮ ಕೈಯಲ್ಲಿದೆ. ಇದನ್ನು ಹೇಳಿಕೊಟ್ಟ ಎಪಿಕ್ಟೆಟಸ್ ಗುಲಾಮನಾಗಿದ್ದವನು. ಅವನ ಪಾಠಗಳನ್ನು ಓದಿ ಬೆಳೆದ ಮಾರ್ಕಸ್ ಆರಿಲಿಯಸ್ 161ರಿಂದ 180ರವರೆಗೆ ರೋಮಿನ ಚಕ್ರವರ್ತಿ. ಯುದ್ಧದ ಬಿಡಾರದಲ್ಲಿ ಕೂತು ಯಾರಿಗೂ ತೋರಿಸಲು ಅಲ್ಲದೆ, ತನಗೆ ತಾನೇ ಬುದ್ಧಿ ಹೇಳಿಕೊಂಡಂತೆ ಬರೆದಿಟ್ಟವನು. ಎಪಿಕ್ಟೆಟಸನ ಗುರು ಮುಸೋನಿಯಸ್ ರೂಫಸ್ ಎಂಬವನು ಹೆಣ್ಣುಮಕ್ಕಳೂ ತತ್ವಶಾಸ್ತ್ರ ಕಲಿಯಬೇಕು ಎಂದು ಆ ಕಾಲದಲ್ಲೇ ವಾದಿಸಿದ್ದ. ಅಷ್ಟಾದರೂ ಓದುವಾಗ ನನಗೆ ಒಂದು ಕೊರತೆ ಕಾಣುತ್ತಿತ್ತು. ಬರೆದವರೆಲ್ಲ ಗಂಡಸರು. ಚಕ್ರವರ್ತಿಯ ಕಷ್ಟ ನಿಜವೇ ಇರಬಹುದು, ಆದರೆ ಮದುವೆಗೆ ಒಪ್ಪು ಎಂದು ಅವನ ಮೇಲೆ ಯಾರೂ ಒತ್ತಡ ಹಾಕಿ ಹೆದರಿಸಿರಲಿಕ್ಕಿಲ್ಲ.

ಅಕ್ಕನ ಮೇಲೆ ಹಾಕಿದ್ದರು.

ಪರಂಪರೆ ಹೇಳುವಂತೆ ನಿರ್ಮಲ ಮತ್ತು ಸುಮತಿ ಅವಳ ತಂದೆ ತಾಯಿ. ಶಿವಭಕ್ತರ ಮನೆ. ಮಹಾದೇವಿ ಎಂದು ಹೆಸರಿಟ್ಟರು. ಚಿಕ್ಕಂದಿನಿಂದಲೇ ಅವಳ ಮನಸ್ಸು ಚೆನ್ನಮಲ್ಲಿಕಾರ್ಜುನನ ಮೇಲೆ. ಅವನೇ ಗಂಡ ಎಂದು ತೀರ್ಮಾನ ಮಾಡಿಕೊಂಡಿದ್ದಳು. ಆ ಸೀಮೆಯ ಅರಸ ಕೌಶಿಕ ಅವಳ ರೂಪ ನೋಡಿ ಮದುವೆಗೆ ಕೇಳಿದ. ಅರಸ ಕೇಳಿದರೆ ಸಾಮಾನ್ಯ ಮನೆಯವರು ಇಲ್ಲ ಎನ್ನುವುದು ಹೇಗೆ? ಹೆತ್ತವರು ಹೆದರಿದರು. ಇಲ್ಲಿಂದ ಮುಂದಿನ ಕಥೆಯನ್ನು ಕವಿಗಳು ಎರಡು ಬಗೆಯಾಗಿ ಹೇಳುತ್ತಾರೆ. 15ನೇ ಶತಮಾನದ ಚಾಮರಸನ ಪ್ರಭುಲಿಂಗಲೀಲೆಯಲ್ಲಿ ಅವಳು ಕೌಶಿಕನನ್ನು ಮದುವೆಯಾಗುವುದೇ ಇಲ್ಲ. ಅದಕ್ಕಿಂತ ಹಳೆಯದಾದ ಹರಿಹರನ ರಗಳೆಯಲ್ಲಿ ಆಗುತ್ತಾಳೆ, ಆದರೆ ಷರತ್ತು ಹಾಕಿ.

ನನಗೆ ಹರಿಹರನ ಕಥೆಯೇ ಹೆಚ್ಚು ಹಿಡಿಸಿತು. ಮೂರು ಷರತ್ತು. ತನ್ನ ಇಷ್ಟದಂತೆ ಶಿವಪೂಜೆಯಲ್ಲಿರುವುದು, ತನ್ನ ಇಷ್ಟದಂತೆ ಶರಣರ ಜೊತೆ ಇರುವುದು, ತನ್ನ ಇಷ್ಟದಂತೆ ಗುರುಸೇವೆಯಲ್ಲಿರುವುದು. ಇದಕ್ಕೆ ಅಡ್ಡಿ ಬಂದರೆ ಮೂರು ತಪ್ಪಿನವರೆಗೆ ತಡೆದುಕೊಳ್ಳುತ್ತೇನೆ, ಆಮೇಲೆ ಇರುವುದಿಲ್ಲ ಎಂಬ ಕರಾರು. ಕೌಶಿಕ ಒಪ್ಪಿದ. ಒಪ್ಪಿದವನು ಒಂದೊಂದಾಗಿ ಮೂರನ್ನೂ ಮುರಿದ. ಅವಳು ಹೇಳಿದ ಹಾಗೆಯೇ ಎದ್ದು ಹೊರಟಳು. ದ್ವಿತೀಯ ಪಿಯುಸಿಯ ಲೆಕ್ಕಶಾಸ್ತ್ರದಲ್ಲಿ ನಾವು ಪಾಲುದಾರಿಕೆ ಪಾಠ ಮಾಡುತ್ತೇವಲ್ಲ, ಮೊದಲೇ ಕರಾರು ಪತ್ರ ಬರೆಯದಿದ್ದರೆ ಮುಂದೆ ಜಗಳ ಎಂದು. ಅರಮನೆಗೆ ಹೋಗುವ ಮೊದಲೇ ಅದನ್ನು ಮಾಡಿಕೊಂಡ ಹುಡುಗಿ ಅಕ್ಕ. ವಯಸ್ಸಿನಲ್ಲಿ ಬಹುಶಃ ನಮ್ಮ ಹಾಗೆಯೇ ಇದ್ದಳು.

ಇದು ಯಾಕೆ ಮುಖ್ಯ ಎಂದರೆ, ನಮ್ಮ ಮನೆಗಳಲ್ಲಿ ಹೆಣ್ಣುಮಕ್ಕಳಿಗೆ ತುಂಬಾ ಸಲ ಹೇಳುವ ಪದ ಸಬ್ರ್. ತಾಳ್ಮೆ. ಕನ್ನಡದ ಗೆಳತಿಯರ ಮನೆಯಲ್ಲೂ ಇದನ್ನೇ ಹೇಳುತ್ತಾರೆ, ಪದ ಬೇರೆ ಅಷ್ಟೇ. ಪದ ತಪ್ಪಲ್ಲ, ದೊಡ್ಡ ಪದವೇ. ಆದರೆ ಅದನ್ನು ಸುಮ್ಮನಿರು ಎನ್ನುವ ಅರ್ಥದಲ್ಲಿ ಬಳಸುವವರೂ ಇದ್ದಾರೆ. ಕಳೆದ ವರ್ಷ ಒಂದು ಮದುವೆ ಮನೆಯಲ್ಲಿ ದೂರದ ಸಂಬಂಧಿಯೊಬ್ಬರು ನನ್ನ ಬಣ್ಣ, ನನ್ನ ಓದು ಎರಡರ ಬಗ್ಗೆಯೂ ಎಲ್ಲರ ಎದುರು ಮಾತಾಡಿದರು. ಹುಡುಗಿಗೆ ಕಾಮರ್ಸ್ ಯಾಕೆ, ಲೆಕ್ಕ ಬರೆಯಲು ಅಂಗಡಿ ಇದೆಯಾ ಎಂಬ ಹಾಗೆ. ಅಮ್ಮಿ ಕಣ್ಣಲ್ಲೇ ಸಬ್ರ್ ಎಂದರು. ಅಂದು ರಾತ್ರಿ ನಿದ್ದೆ ಬರಲಿಲ್ಲ. ಹಳೆಯ ಲೆಕ್ಕದ ಪುಸ್ತಕದ ಖಾಲಿ ಹಾಳೆಯಲ್ಲಿ ಬರೆಯಲು ಕೂತೆ. ಹಾಳೆಯಲ್ಲಿ ಮೊದಲೇ ಎರಡು ಕಡೆ ಗೆರೆ ಇತ್ತು. ಎಡಕ್ಕೆ ನನ್ನ ಕೈಯಲ್ಲಿ ಇಲ್ಲದ್ದು, ಬಲಕ್ಕೆ ನನ್ನ ಕೈಯಲ್ಲಿರುವುದು. ಅವರ ಮಾತು, ನನ್ನ ಬಣ್ಣ, ಮದುವೆ ಮನೆಯಲ್ಲಿ ನಕ್ಕವರು ಎಡಕ್ಕೆ ಹೋದರು. ಓದು ಬಲಕ್ಕೆ. ನಾಳೆ ಅಬ್ಬಾ ಜೊತೆ ಡಿಗ್ರಿ ವಿಷಯ ಮಾತಾಡುವುದು ಬಲಕ್ಕೆ. ಎರಡೂ ಕಡೆ ಮೊತ್ತ ಹೊಂದಲಿಲ್ಲ, ಹೊಂದಬೇಕಾದ ಲೆಕ್ಕವೂ ಅದಲ್ಲ. ಆದರೆ ನಿದ್ದೆ ಬಂತು. ಅಬ್ಬಾ ಜೊತೆ ಮಾತೂ ಆಯಿತು.

ಆಮೇಲೆ ತಿಳಿದದ್ದು, ಈ ಲೆಕ್ಕದ ಉಪಾಯ ನನ್ನದೇನಲ್ಲ. ಇಮಾಮ್ ಗಝಾಲಿ ತಮ್ಮ ಇಹ್ಯಾ ಉಲೂಮುದ್ದೀನ್ ಗ್ರಂಥದಲ್ಲಿ ಇದಕ್ಕೇ ಒಂದು ಭಾಗ ಮೀಸಲಿಟ್ಟಿದ್ದಾರೆ. ಅವರು ತೀರಿಕೊಂಡದ್ದು 1111ರಲ್ಲಿ, ಅಂದರೆ ಅಕ್ಕ ಬದುಕಿದ ಶತಮಾನದ ಆರಂಭದಲ್ಲಿ. ವ್ಯಾಪಾರಿಯೊಬ್ಬ ಪಾಲುದಾರನಿಗೆ ಬಂಡವಾಳ ಕೊಡುವಾಗ ಮೊದಲು ಷರತ್ತು ಹಾಕುತ್ತಾನೆ, ನಡುವೆ ಕಣ್ಣಿಡುತ್ತಾನೆ, ಕೊನೆಗೆ ಲೆಕ್ಕ ಕೇಳುತ್ತಾನೆ; ಹಾಗೆಯೇ ಮನುಷ್ಯ ಬೆಳಿಗ್ಗೆ ತನ್ನ ಮನಸ್ಸಿಗೆ ಷರತ್ತು ಹಾಕಿ ಸಂಜೆ ಅದರಿಂದ ಲೆಕ್ಕ ತೆಗೆದುಕೊಳ್ಳಬೇಕು ಎಂಬುದು ಅವರ ವಿವರಣೆ. ಇದಕ್ಕೆ ಮುಹಾಸಬಾ ಎನ್ನುತ್ತಾರೆ. ನಾವು ದಿನಾ ಆಡುವ ಹಿಸಾಬ್ ಎಂಬ ಪದ ಅದರೊಳಗೇ ಇದೆ. ರೋಮಿನ ಸೆನೆಕಾ ಕೂಡ ರಾತ್ರಿ ದೀಪ ಆರಿಸಿದ ಮೇಲೆ ಇಡೀ ದಿನವನ್ನು ಮತ್ತೆ ನೋಡಿಕೊಳ್ಳುತ್ತಿದ್ದನಂತೆ. ಒಬ್ಬರಿಗೊಬ್ಬರು ಪರಿಚಯವಿಲ್ಲದವರು ಒಂದೇ ಅಭ್ಯಾಸಕ್ಕೆ ಬಂದದ್ದು ನೋಡಿದರೆ, ಕಾಮರ್ಸ್ ಓದುವವಳಿಗೆ ಸ್ವಲ್ಪ ಜಂಬವೇ ಬರುತ್ತದೆ.

ಮತ್ತೆ ಅಕ್ಕನ ಕಡೆಗೆ ಬರುತ್ತೇನೆ. ಅರಮನೆ ಬಿಟ್ಟವಳು ಒಡವೆ ಬಿಟ್ಟಳು, ಉಟ್ಟ ಬಟ್ಟೆಯನ್ನೂ ಬಿಟ್ಟಳು. ಉದ್ದ ಕೂದಲೇ ಹೊದಿಕೆ. ಈ ಭಾಗ ಬಂದಾಗ ತರಗತಿಯಲ್ಲಿ ಯಾರೂ ಉಸಿರೆತ್ತಲಿಲ್ಲ. ತಲೆಗೆ ದುಪಟ್ಟಾ ಹೊದ್ದು ಕೂತಿದ್ದ ನನಗೂ ಇದು ಸುಲಭವಾಗಿರಲಿಲ್ಲ. ಆದರೆ ಯೋಚಿಸಿದರೆ ಒಂದು ಸಂಗತಿ ಕಾಣುತ್ತದೆ. ಹೆಣ್ಣು ಏನು ಹಾಕಿದರೂ, ಏನು ಬಿಟ್ಟರೂ, ಊರಿಗೆ ಮೊದಲು ಕಾಣುವುದು ಬಟ್ಟೆ. ಅಕ್ಕನಿಗೂ ಹಾಗೇ ಆಯಿತು. ಉಡುತಡಿಯಿಂದ ಬಸವಣ್ಣನವರ ಕಲ್ಯಾಣದವರೆಗೆ ಒಂಟಿಯಾಗಿ ನಡೆದಳು. ದಾರಿಯಲ್ಲಿ ಹಸಿವಾದರೆ ಊರಲ್ಲಿ ಭಿಕ್ಷೆ, ಬಾಯಾರಿದರೆ ಕೆರೆ ಬಾವಿ, ನಿದ್ದೆಗೆ ಪಾಳು ಗುಡಿ ಎಂದು ಅವಳೇ ಒಂದು ವಚನದಲ್ಲಿ ಹೇಳಿಕೊಂಡಿದ್ದಾಳೆ. ಹಿಂದೆ ಬಿದ್ದ ಗಂಡಸರೂ ಇದ್ದರು. ಅವರನ್ನು ಅಣ್ಣಾ ಎಂದೇ ಕರೆದು ದೂರ ಇಟ್ಟಳು.

ಕಲ್ಯಾಣದ ಅನುಭವ ಮಂಟಪದಲ್ಲಿ ಸ್ವಾಗತ ಸಿಕ್ಕಿದ್ದು ಕೂಡಲೇ ಅಲ್ಲ. ಅಲ್ಲಮಪ್ರಭು ಕಠಿಣ ಪ್ರಶ್ನೆ ಹಾಕಿದ. ನಿನ್ನ ಗಂಡ ಯಾರು, ಎಲ್ಲ ಬಿಟ್ಟವಳಿಗೆ ಕೂದಲಿನ ಮರೆ ಯಾಕೆ ಎಂದು ಎಲ್ಲರ ಎದುರು. ಶೂನ್ಯಸಂಪಾದನೆಯಲ್ಲಿ ಈ ಸಂವಾದ ದೊಡ್ಡದಾಗಿಯೇ ಬರುತ್ತದೆ. ಈಗಿನ ಯಾವ ಇಂಟರ್ವ್ಯೂ ಕೂಡ ಇಷ್ಟು ಕಷ್ಟ ಇರಲಾರದು. ಅವಳು ಸಿಟ್ಟಾಗಲಿಲ್ಲ, ಅಳುತ್ತಾ ವಾಪಸ್ಸೂ ಹೋಗಲಿಲ್ಲ. ಬಟ್ಟೆಯ ಬಗ್ಗೆ ಕೇಳಿದ್ದಕ್ಕೆ ಮನಸ್ಸಿನ ಬಗ್ಗೆ ಉತ್ತರ ಕೊಟ್ಟಳು. ಕೊನೆಗೆ ಅಲ್ಲಿದ್ದವರೆಲ್ಲ ಒಪ್ಪಿದರು. ತಮಗಿಂತ ಚಿಕ್ಕವಳಾದರೂ ಅವಳನ್ನು ಅಕ್ಕ ಎಂದು ಕರೆದರು.

ಲೋಕದಲ್ಲಿ ಹುಟ್ಟಿದ ಮೇಲೆ ಹೊಗಳಿಕೆ ಬೈಗುಳ ಬಂದೇ ಬರುತ್ತವೆ, ಕೋಪ ಮಾಡಿಕೊಳ್ಳದೆ ಸಮಾಧಾನದಲ್ಲಿರಬೇಕು ಎಂಬ ಅರ್ಥದ ಅವಳ ವಚನ ಕನ್ನಡಿಗರಿಗೆಲ್ಲ ಗೊತ್ತು. ಇದನ್ನು ಹಿಡಿದು ಅಕ್ಕನೂ ಸ್ಟೋಯಿಕ್ ಎಂದು ಹೇಳಿಬಿಡುವುದು ಸುಲಭ. ನಾನು ಹಾಗೆ ಹೇಳುವುದಿಲ್ಲ. ರೋಮಿನವರ ನಂಬಿಕೆ ವಿವೇಕದ ಮೇಲೆ, ಅಕ್ಕನದು ಪ್ರೀತಿಯ ಮೇಲೆ. ಅವರು ಮನಸ್ಸನ್ನು ಕಲಕದ ಹಾಗೆ ಕಾಯುವುದು ಹೇಗೆ ಎಂದು ಹೇಳಿದರು. ಅಕ್ಕ ಕಲಕಿದ ಮನಸ್ಸನ್ನು ಮುಚ್ಚಿಡಲೇ ಇಲ್ಲ. ಕಾಡಿನ ಗಿಳಿ, ಕೋಗಿಲೆ, ದುಂಬಿಗಳನ್ನು ನಿಲ್ಲಿಸಿ ನನ್ನವನನ್ನು ಕಂಡಿರಾ ಎಂದು ಕೇಳಿದವಳು ಅವಳು. ಜನರ ಮಾತಿಗೆ ಕಲ್ಲಿನಂತಿದ್ದವಳು ತನ್ನ ನೋವಿನ ಎದುರು ಹಾಗಿರಲಿಲ್ಲ. ಕೌಶಿಕನ ಎದುರು ತಾಳ್ಮೆ ಮೂರು ತಪ್ಪಿಗೆ ಮುಗಿಯಿತು. ಸಬ್ರ್ ಎಂದರೆ ಇಷ್ಟೂ ಸೇರಿದ್ದು ಎಂದು ನನಗೆ ಅರ್ಥ ಮಾಡಿಸಿದ್ದು ಅವಳೇ. ಮದುವೆ ಮನೆಯ ಆ ಸಂಬಂಧಿಗೆ ಅದು ಗೊತ್ತಿದ್ದಂತಿಲ್ಲ.

ಡೈರಿ ಬರೆಯುವ ಗೆಳತಿಯರಿಗೆ ಒಂದು ಮಾತು. ಅಕ್ಕನ ವಚನಗಳು ನಾನೂರಕ್ಕೂ ಹೆಚ್ಚು ಸಿಕ್ಕಿವೆ. ಕೊನೆಯಲ್ಲಿ ಬರುವ ಹೆಸರು ಒಂದೇ, ಚೆನ್ನಮಲ್ಲಿಕಾರ್ಜುನ. ಅಂದರೆ ಅವಳು ಯಾರ ಮುಂದೆ ನಿಂತು ಹೇಳುತ್ತಿದ್ದಾಳೆ ಎಂಬುದು ಅವಳಿಗೆ ಸ್ಪಷ್ಟ ಇತ್ತು. ನಮ್ಮ ಡೈರಿ ಕೆಲವು ಸಲ ಬೇರೆಯವರ ತಪ್ಪಿನ ಪಟ್ಟಿಯಾಗಿ ಹೋಗುತ್ತದೆ, ಓದಿದರೆ ಸಿಟ್ಟು ಇನ್ನೂ ಹೆಚ್ಚಾಗುತ್ತದೆ. ಅಕ್ಕನ ವಚನಗಳಲ್ಲಿ ಕೌಶಿಕನನ್ನು ಹುಡುಕಿದರೆ ತೀರ ಕಡಿಮೆ ಸಿಗುತ್ತಾನೆ. ಸಿಗುವುದೆಲ್ಲ ಅವಳ ಮನಸ್ಸೇ. ನಾನು ದಿನಕ್ಕೆ ಐದಾರು ಸಾಲು ಮಾತ್ರ ಬರೆಯುತ್ತೇನೆ, ಇಶಾ ನಮಾಜಿನ ಮೇಲೆ. ಇನ್ನು ಬರೆದು ಮುಗಿಸಿದ ಮೇಲೂ ಎದೆಯ ಭಾರ ಇಳಿಯದಿದ್ದರೆ, ವಾರಗಟ್ಟಲೆ ಹಾಗೇ ಇದ್ದರೆ, ಅದು ಪುಸ್ತಕಕ್ಕೆ ಹೇಳುವ ವಿಷಯವಲ್ಲ. ನಂಬುವ ಮೇಡಂ ಹತ್ತಿರವೋ, ಮನೆಯವರ ಹತ್ತಿರವೋ, ಡಾಕ್ಟರ ಹತ್ತಿರವೋ ಹೇಳಬೇಕು. ಅಕ್ಕನೂ ಒಬ್ಬಳೇ ಉಳಿಯಲಿಲ್ಲ, ಕಲ್ಯಾಣದವರೆಗೆ ನಡೆದು ತನ್ನವರನ್ನು ಹುಡುಕಿಕೊಂಡಳು.

ಕಲ್ಯಾಣದಿಂದ ಅವಳು ಶ್ರೀಶೈಲಕ್ಕೆ ಹೋದಳು. ಅಲ್ಲಿನ ಕದಳಿವನದಲ್ಲಿ ಐಕ್ಯಳಾದಳು ಎನ್ನುತ್ತಾರೆ. ಆಗ ಅವಳಿಗೆ ಹೆಚ್ಚು ವಯಸ್ಸಾಗಿರಲಿಲ್ಲ ಎಂದೇ ಪರಂಪರೆಯ ನಂಬಿಕೆ. ಅವಳ ಮಾತುಗಳು ತಾಳೆಗರಿಗಳಲ್ಲಿ, ಯಾರು ಯಾರದೋ ಮನೆಗಳಲ್ಲಿ ಉಳಿದವು. ವಿಜಯಪುರದಲ್ಲಿ ವಕೀಲರಾಗಿದ್ದ ಫ.ಗು. ಹಳಕಟ್ಟಿಯವರು ಮನೆ ಮನೆ ತಿರುಗಿ ವಚನಗಳ ಕಟ್ಟುಗಳನ್ನು ಹುಡುಕಿ 1923ರಲ್ಲಿ ವಚನಶಾಸ್ತ್ರಸಾರ ಪ್ರಕಟಿಸಿದರು. ಆ ಕೆಲಸಕ್ಕಾಗಿ ತಮ್ಮ ಸ್ವಂತ ಮನೆಯನ್ನೂ ಮಾರಿದರು. ಅದೇ ವಿಜಯಪುರದಲ್ಲಿ 2003ರಲ್ಲಿ ಶುರುವಾದ ರಾಜ್ಯದ ಮಹಿಳಾ ವಿಶ್ವವಿದ್ಯಾಲಯಕ್ಕೆ 2017ರಲ್ಲಿ ಅಕ್ಕಮಹಾದೇವಿಯ ಹೆಸರಿಟ್ಟಿದ್ದಾರೆ. ಪರೀಕ್ಷೆ ಮುಗಿದ ಮೇಲೆ ಉಡುತಡಿಗೆ ಹೋಗಿ ಬರೋಣ ಎಂದು ಅಬ್ಬಾ ಒಪ್ಪಿದ್ದಾರೆ. ಬರುವವರು ಹೆಸರು ಕೊಡಿ.